ಭಾವನ ಪೆಟ್ಟಿಗೆ, ಬೀಗರ ಪೆಟ್ಟಿಗೆ

ಲುವಾನ್‌ಗೆ ತನ್ನ ಕಿವಿಗಳ ಬಗ್ಗೆ ಯಾವ ದೂರೂ ಇರಲಿಲ್ಲ. ತಲೆಯ ಆ ಪಕ್ಕ ಒಂದು, ಈ ಪಕ್ಕ ಒಂದು, ಕನ್ನಡಕದ ಕಡ್ಡಿ ಸಿಕ್ಕಿಸಿಕೊಳ್ಳಲು ಅನುಕೂಲವಾಗುವಂತೆ ಹುಟ್ಟಿದಾಗಿನಿಂದಲೂ ತಮ್ಮ ಪಾಡಿಗೆ ತಾವಿದ್ದವು. ಹೆಂಡತಿ ಕರೆದರೆ ಕೇಳಿಸುತ್ತಿತ್ತು; ಕೇಳಿಸದೆ ಇರುವುದು ಕ್ಷೇಮ ಎನಿಸಿದಾಗ ಕೇಳಿಸುತ್ತಿರಲಿಲ್ಲ. ಸಂಸಾರಸ್ಥನೊಬ್ಬ ತನ್ನ ಕಿವಿಗಳಿಂದ ಇದಕ್ಕಿಂತ ಹೆಚ್ಚಿನ ಸೇವೆಯನ್ನು ಬಯಸುವುದು ದುರಾಸೆ. ಅವನ ದೂರೇನಿದ್ದರೂ ಆ ಬಡಪಾಯಿ ಕಿವಿಗಳಿಗೆ ಊರ ತುಂಬ ಹಬ್ಬಿದ್ದ ಕೀರ್ತಿಯ ಮೇಲೆ.

ಹಾಯ್‌ಫೋಂಗ್ ಬಂದರಿನ ಹಳೆಯ ಪೇಟೆಯಲ್ಲಿ ಅವನದು ಕನ್ನಡಕದ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಅನ್ನ ಕಣ್ಣಿನಿಂದ, ಕೀರ್ತಿ ಕಿವಿಯಿಂದ. ಈ ಕೀರ್ತಿಯ ಮೂಲಪುರುಷ ಹೆಂಡತಿ ನ್ಯಾನ್‌ಳ ಅಣ್ಣ ತ್ರಾಕ್. ಹಡಗುಗಳಲ್ಲಿ ವಿದ್ಯುತ್ ಕೆಲಸ ಮಾಡಿ ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಆಂಪ್ಲಿಫೈಯರ್ ಕಟ್ಟುವುದೇ ಅವನ ತಪಸ್ಸು. ಹಳೆಯ ರೇಡಿಯೋಗಳ ಗಾಜಿನ ವಾಲ್ವುಗಳು, ತಾನೇ ಕೈಯಾರೆ ತಂತಿ ಸುತ್ತಿದ ಕಬ್ಬಿಣದ ಗಟ್ಟಿಗಳು, ಎಲ್ಲವನ್ನೂ ಒಂದು ಮರದ ಹಲಗೆಯ ಮೇಲೆ ಪ್ರತಿಷ್ಠಾಪಿಸಿ, ವಾಲ್ವುಗಳೊಳಗೆ ದೀಪ ಹೊತ್ತಿಕೊಂಡ ಮೇಲೆ ಭಾವಮೈದುನನನ್ನು ಕೂರಿಸಿ ಹಾಡು ಕೇಳಿಸುವನು. ಲುವಾನ್ ಕಣ್ಣು ಮುಚ್ಚಿಕೊಂಡು ಕೇಳುವನು. (ಮಧ್ಯಾಹ್ನದ ಏಡಿಸಾರಿನ ಊಟದ ಮೇಲೆ ಬೇರೆ ರೀತಿಯಲ್ಲಿ ಕೇಳುವುದು ಸಾಧ್ಯವೂ ಇರಲಿಲ್ಲ.) ಒಮ್ಮೆ ಹೀಗೆ ಕೇಳುತ್ತ ಕೇಳುತ್ತ ಗೊರಕೆಯ ಹೊಸ್ತಿಲಿಗೆ ಬಂದಿದ್ದವನು ತಾನೇ ಬೆಚ್ಚಿಬಿದ್ದು "ಏನದು?" ಎಂದುಬಿಟ್ಟ. ತ್ರಾಕ್ ಗಾಬರಿಯಾಗಿ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಒಂದು ವಾಲ್ವು ಕೊನೆಯುಸಿರು ಎಳೆಯುತ್ತಿತ್ತು. ಅಂದಿನಿಂದ ತ್ರಾಕ್ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ: "ನಮ್ಮ ತಂಗಿ ಗಂಡಂದು ಬಂಗಾರದ ಕಿವಿ ಕಣ್ರಯ್ಯ. ನನಗೇ ಕೇಳಿಸದೇ ಇದ್ದದ್ದು ಅವನಿಗೆ ಕೇಳಿಸ್ತು."

ನಿಜ ಸಂಗತಿ ಏನೆಂದರೆ, ಲುವಾನ್‌ಗೆ ಒಂದು ಆಂಪ್ಲಿಫೈಯರಿಗೂ ಇನ್ನೊಂದು ಆಂಪ್ಲಿಫೈಯರಿಗೂ ವ್ಯತ್ಯಾಸ ಎಂದೂ ತಿಳಿದದ್ದಿಲ್ಲ. ಹಾಡು ಕೇಳಿಸಿದರೆ ಅದು ಓಡುತ್ತಿದೆ, ಕೇಳಿಸದಿದ್ದರೆ ಕೆಟ್ಟಿದೆ. ಇಷ್ಟೇ ಅವನ ಶಾಸ್ತ್ರ. ಆದರೆ ಬಿಟ್ಟಿ ಬಂದ ಬಿರುದನ್ನು ಬೇಡವೆನ್ನುವಷ್ಟು ವೈರಾಗ್ಯ ಅವನಿಗೆ ಇರಲಿಲ್ಲ. ಆಗಾಗ "ಮಧ್ಯದಲ್ಲಿ ಸ್ವಲ್ಪ ಗಾಳಿ ಕಡಿಮೆಯಾಯ್ತು ಭಾವ" ಎನ್ನುವನು. ತ್ರಾಕ್ ಮೂರು ಹಗಲು ಕೂತು ಗಾಳಿ ತುಂಬಿಸಿಕೊಂಡು ಬರುವನು. "ಈಗ ಸರಿಹೋಯ್ತು" ಎಂದರೆ ಅಲ್ಲಿಗೆ ಮುಗಿಯಿತು. ಯಾರಿಗೂ ನಷ್ಟವಿಲ್ಲದ ಸುಳ್ಳು.

ನಷ್ಟ ಶುರುವಾದದ್ದು ಮಗಳು ಮೀಯೆನ್‌ಳ ಮದುವೆಯ ಮಾತಿನಿಂದ.

ಮೀಯೆನ್ ಅಂಗಡಿಯಲ್ಲಿ ಅಪ್ಪನ ಜೊತೆಗೇ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಕನ್ನಡಕ ಮಾಡಿಸಲು ಬಂದ ಕ್ವಾನ್ ಎಂಬ ಹುಡುಗ, ಒಳ್ಳೆಯ ಕಣ್ಣಿದ್ದೂ ಮತ್ತೆ ಮತ್ತೆ ಪರೀಕ್ಷೆಗೆ ಬರತೊಡಗಿದಾಗ ಎಲ್ಲರಿಗೂ ವಿಷಯ ತಿಳಿಯಿತು. ಹುಡುಗ ಒಳ್ಳೆಯವನು. ಅವನ ಅಪ್ಪ ದಾಮ್ ನೆಲಹಾಸಿನ ಕಲ್ಲುಗಳ ದೊಡ್ಡ ವ್ಯಾಪಾರಿ. ಎರಡು ಮನೆಯವರೂ ಕೂತು ಮಾತಾಡುವುದೆಂದು ಗೊತ್ತಾಗಿ, ದಾಮ್ ದಂಪತಿಗಳು ಹಣ್ಣು, ಟೀ ಪೊಟ್ಟಣ, ವೀಳ್ಯದೆಲೆ ಹಿಡಿದುಕೊಂಡು ಬಂದರು. ಮಾತು ಸುಸೂತ್ರವಾಗಿ ಸಾಗುತ್ತಿತ್ತು. ನಿಶ್ಚಿತಾರ್ಥಕ್ಕೆ ಯಾವ ತಿಂಗಳು ಎನ್ನುವ ತನಕ ಬಂದಿತ್ತು. ಅಷ್ಟರಲ್ಲಿ ದಾಮ್‌ರ ಕಣ್ಣು ಮೂಲೆಯಲ್ಲಿದ್ದ ಸ್ಪೀಕರುಗಳ ಮೇಲೆ ಬಿತ್ತು. (ತ್ರಾಕ್ ಎಂದೋ ಉಡುಗೊರೆ ಎಂದು ಕೊಟ್ಟು, ಆಗಾಗ ಬಂದು ತಾನೇ ಕೇಳಿಕೊಂಡು ಹೋಗುವ ಸ್ಪೀಕರುಗಳು.)

"ಓಹೋ, ನೀವೂ ನಮ್ಮವರೇ ಅನ್ನಿ," ಎಂದರು ದಾಮ್. ಅವರ ಮುಖ ಅರಳಿಹೋಯಿತು. "ನಮ್ಮನೇಲಿ ಒಬ್ಬ ಇದಾನೆ. ಹೊರದೇಶದವನು. ಇಬ್ಬರು ಆಳು ಬೇಕು ಎತ್ತೋಕೆ. ದನಿಯ ಏರಿಳಿತ ತೋರಿಸೋಕೆ ಮುಂದುಗಡೆ ಎರಡು ನೀಲಿ ಮುಳ್ಳು. ಅವನು ಹಾಡೋಕೆ ಶುರುಮಾಡಿದ್ರೆ ಗಾಯಕಿ ಬಂದು ತೊಡೆ ಮೇಲೆ ಕೂತ ಹಾಗಾಗತ್ತೆ."

ದಾಮ್‌ರ ಹೆಂಡತಿ ಟೀ ಬಟ್ಟಲಿನ ತಳವನ್ನು ನೋಡಿದರು.

ತ್ರಾಕ್ ಅಲ್ಲೇ ಕೂತಿದ್ದ. ಹುಡುಗಿಯ ಸೋದರಮಾವ ಎಂಬ ಗೌರವದ ಕುರ್ಚಿಯಲ್ಲಿ. "ಅಂಥ ಪೆಟ್ಟಿಗೆ ನಾನೂ ನೋಡಿದೀನಿ," ಎಂದ ನಿಧಾನವಾಗಿ. "ಬಾಗಿಲು ಗಾಳಿಗೆ ಬಡ್ಕೋಬಾರದು ಅಂತ ಅಡ್ಡ ಇಡೋಕೆ ಚೆನ್ನಾಗಿರ್ತವೆ."

"ತಾವು ಏನು ಉಪಯೋಗಿಸ್ತೀರೋ?"

"ನಾನು ಉಪಯೋಗಿಸಲ್ಲ, ಮಾಡ್ತೀನಿ. ವಾಲ್ವಿಂದು."

"ಹಾಂ, ವಾಲ್ವು. ಒಳ್ಳೇದೇ. ಚಳಿಗಾಲದಲ್ಲಿ ಕೈ ಕಾಯಿಸ್ಕೋಬಹುದು."

ಅಲ್ಲಿಂದ ಮುಂದೆ ಹುಡುಗ ಯಾರು, ಹುಡುಗಿ ಯಾರು ಎನ್ನುವುದನ್ನೇ ಎಲ್ಲರೂ ಮರೆತರು. ಆಳ, ಅಗಲ, ಗಾಳಿ, ವೇದಿಕೆ, ಮೌನದ ಕಪ್ಪು ಎಂದು ಇಬ್ಬರೂ ಕೂಗಾಡಿ, ಕೊನೆಗೆ ಒಂದು ಒಪ್ಪಂದಕ್ಕೆ ಬಂದರು: ಬರುವ ಭಾನುವಾರ, ಇದೇ ಮನೆಯಲ್ಲಿ, ಇದೇ ಸ್ಪೀಕರುಗಳಿಗೆ, ಎರಡೂ ಪೆಟ್ಟಿಗೆಗಳನ್ನು ಪರದೆಯ ಹಿಂದಿಟ್ಟು ಒಂದೇ ಹಾಡು ನುಡಿಸುವುದು. ಯಾವುದು ಉತ್ತಮ ಎಂದು ತೀರ್ಪು ಕೊಡುವವನು ಇಬ್ಬರಿಗೂ ಬೇಕಾದವನು, ಬಂಗಾರದ ಕಿವಿಯ ಲುವಾನ್.

"ಎರಡೂ ಚೆನ್ನಾಗಿದೆ ಅನ್ನೋ ಹಾಗಿಲ್ಲ," ಎಂದರು ದಾಮ್. "ಹಾಗಂದ್ರೆ ಕಿವಿ ಇಲ್ಲ ಅಂತ ಅರ್ಥ."

"ನಾನು ಸೋತ್ರೆ," ಎಂದ ತ್ರಾಕ್, "ಪೆಟ್ಟಿಗೇನ ಕಾಮ್ ನದಿಗೆ ಎಸೆದು ಬರ್ತೀನಿ. ಆಮೇಲೆ ಈ ಊರಲ್ಲಿ ಯಾರ ಮದುವೇಲೂ ನನ್ನ ಮುಖ ನೋಡಬೇಡಿ."

ದಾಮ್ ಅಂಥ ಪ್ರತಿಜ್ಞೆಯನ್ನೇನೂ ಮಾಡಲಿಲ್ಲ. ಹೊರಡುವಾಗ "ನಿಶ್ಚಿತಾರ್ಥದ ದಿನ ಭಾನುವಾರ ಆದ್ಮೇಲೆ ನೋಡೋಣ ಬೀಗರೇ" ಎಂದರು, ಅಷ್ಟೇ. ಆ 'ಆದ್ಮೇಲೆ' ಎನ್ನುವುದು ಮಾತ್ರ ಲುವಾನ್‌ಗೆ ಸ್ಪಷ್ಟವಾಗಿ ಕೇಳಿಸಿತು.

ಈ ಕಡೆ ಭಾವ, ಆ ಕಡೆ ಬೀಗರು. ಭಾವ ಮುನಿದರೆ ಹೆಂಡತಿಯ ತವರು ಮುಚ್ಚಿತು. ಬೀಗರು ಮುನಿದರೆ ಮಗಳ ಮದುವೆ ಮುರಿಯಿತು. ಕಣ್ಣೆದುರಿಗೆ ಪೆಟ್ಟಿಗೆ ಇದ್ದಿದ್ದರೆ ಮುಖ ನೋಡಿ ಮಣೆ ಹಾಕಬಹುದಿತ್ತು. ಪರದೆ ಬಿದ್ದ ಮೇಲೆ ಯಾರ ಮುಖವನ್ನು ನೋಡುವುದು?

ಅವನಿಗೆ ಅನ್ನ ಸೇರದಾಯಿತು. ಎಡಗಿವಿಯಲ್ಲಿ ಏನೋ ಸಿಳ್ಳೆ ಹೊಡೆದಂತಾಗತೊಡಗಿತು. ಅಂಗಡಿಯಲ್ಲಿ ಒಬ್ಬ ಮುದುಕಿಗೆ ದೂರದ ಗಾಜಿನ ಬದಲು ಹತ್ತಿರದ್ದು ಹಾಕಿ ಕಳಿಸಿದ; ಆಕೆ ಮೆಟ್ಟಿಲು ಎಂದುಕೊಂಡು ಯಾರದೋ ಮೋಟಾರ್ ಸೈಕಲ್ ಹತ್ತಲು ಹೋದಳು. ಮೀಯೆನ್ ಓಡಿಹೋಗಿ ಇಳಿಸಿಕೊಂಡು ಬಂದಳು.

ಕೊನೆಗೆ ಕಿವಿಯನ್ನಾದರೂ ಚೊಕ್ಕಟ ಮಾಡಿಸಿಕೊಳ್ಳೋಣ ಎಂದು ಬೀದಿಯ ಕ್ಷೌರದವನ ಹತ್ತಿರ ಹೋದ. ಗೋಡೆಗೆ ಕನ್ನಡಿ ನೇತುಹಾಕಿಕೊಂಡ ಆ ಮನುಷ್ಯ ಹಣೆಗೆ ದೀಪ ಕಟ್ಟಿಕೊಂಡು, ಸಣ್ಣ ಸಣ್ಣ ಕಡ್ಡಿ, ಗರಿ, ಚಮಚಗಳನ್ನೆಲ್ಲ ಆಡಿಸಿ, ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಬಹಳ ಹೊತ್ತು ಹುಡುಕಿದ. ಆಮೇಲೆ ದೀಪ ಆರಿಸಿ ಹೇಳಿದ: "ನಿಮ್ಮ ಕಿವೀಲಿ ಏನೂ ಇಲ್ಲ ಅಣ್ಣ."

"ಸರಿಯಾಗಿ ನೋಡಪ್ಪ."

"ನೋಡಿದೆ ಅಣ್ಣ. ಖಾಲಿ."

ಲುವಾನ್‌ಗೆ ತೀರ್ಪು ಅಲ್ಲೇ ಹೊರಬಿದ್ದಂತಾಯಿತು. ಸುಮ್ಮನೆ ಮನೆಗೆ ಬಂದ.

ನ್ಯಾನ್ ಹಿತ್ತಲಿನ ನಲ್ಲಿಯ ಹತ್ತಿರ ಕೂತು ಏಡಿಗಳನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಅವನು ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತು, ಮದುವೆಯಾದಾಗಿನಿಂದ ಹೇಳದೆ ಇದ್ದದ್ದನ್ನು ಹೇಳಿದ. "ನ್ಯಾನ್, ನಂಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ ಕಣೆ."

"ಯಾವುದಕ್ಕೂ ಯಾವುದಕ್ಕೂ?"

"ಆಂಪ್ಲಿಫೈಯರಿಗೂ ಆಂಪ್ಲಿಫೈಯರಿಗೂ."

ಅವಳು ಏಡಿಯನ್ನು ಬುಟ್ಟಿಗೆ ಹಾಕಿದಳು. "ನಿಮ್ಮದು ಬಂಗಾರದ ಕಿವಿ ಅಂತ ನಮ್ಮಣ್ಣ ಹೇಳಿದಾಗ ಮುಸಿಮುಸಿ ನಗ್ತಾ ಕೂತಿದ್ರಲ್ಲ, ಆಗ ಹೇಳಬೇಕಿತ್ತು."

"ಆಗ ಯಾರಿಗೆ ಗೊತ್ತಿತ್ತು, ಬೀಗರ ಮನೇಲೂ ಒಂದು ಪೆಟ್ಟಿಗೆ ಇರತ್ತೆ ಅಂತ."

"ನಂಗೆ ಮೊದಲಿಂದ ಗೊತ್ತು," ಎಂದಳು ನ್ಯಾನ್. "ನಿಮ್ಮದು ಹಿತ್ತಾಳೆ ಕಿವಿ. ಯಾರು ಏನು ಹೇಳಿದ್ರೂ ಒಳಗೆ ಬಿಟ್ಕೊಳ್ಳತ್ತೆ. ಬಂಗಾರ ಆಗಿದ್ರೆ ಇಷ್ಟು ಹೊತ್ತಿಗೆ ಅಡ ಇಟ್ಟಿರ್ತಿದ್ದೆ."

"ಬೈಯೋದು ಆಮೇಲೆ ಬೈ. ಈಗ ಯಾರನ್ನ ಗೆಲ್ಲಿಸ್ಲಿ ಹೇಳು."

ನ್ಯಾನ್ ಇನ್ನೊಂದು ಏಡಿಯ ಬೆನ್ನು ಉಜ್ಜುತ್ತ ಯೋಚಿಸಿದಳು. ಅವಳ ಯೋಚನೆ ಯಾವಾಗಲೂ ನೇರ. "ಬೀಗರು ಗೆಲ್ಲಲಿ. ನಮ್ಮಣ್ಣ ನದಿಗೆ ಎಸೀತೀನಿ ಅಂತಾನೆ, ಎಸೆಯಲ್ಲ. ದಡದಲ್ಲಿ ಕೂತು ಸಿಗರೇಟು ಸೇದಿ ವಾಪಸ್ ತರ್ತಾನೆ. ಒಂದು ವಾರ ಮುಖ ಊದಿಸ್ಕೊಂಡಿರ್ತಾನೆ, ಆಮೇಲೆ ಏಡಿಸಾರಿನ ವಾಸನೆಗೆ ಬರ್ತಾನೆ. ಆ ದಾಮ್ ಹಾಗಲ್ಲ. ಅವರು ಸೋತ್ರೆ ನಗ್ತಾನೇ ಇರ್ತಾರೆ, ದಿನ ಮಾತ್ರ ಇಡಲ್ಲ."

"ಸರಿ. ಆದ್ರೆ ಯಾವುದು ಅವರದು ಅಂತ ಗೊತ್ತಾಗೋದು ಹೇಗೆ?"

ಸ್ಪೀಕರುಗಳ ತಂತಿಯನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಬದಲಾಯಿಸುವ ಕೆಲಸಕ್ಕೆ ಮೀಯೆನ್‌ಳನ್ನು ಗೊತ್ತುಮಾಡಿದ್ದರು. ಒಬ್ಬರಿಗೆ ಸೊಸೆಯಾಗುವವಳು, ಇನ್ನೊಬ್ಬರಿಗೆ ಸೋದರಸೊಸೆ, ಹಾಗಾಗಿ ನಿಷ್ಪಕ್ಷಪಾತಿ. ಪರದೆಯ ಹಿಂದಿನ ಜಾಗ ಅಡುಗೆಮನೆಯ ಬಾಗಿಲಿಂದ ಚೆನ್ನಾಗಿ ಕಾಣುತ್ತಿತ್ತು. ನ್ಯಾನ್ ಅಲ್ಲಿ ನಿಂತು ನಿಂಬೆ ಟೀ ಮಾಡುವುದು. ಬೀಗರ ಪೆಟ್ಟಿಗೆ ಹಾಡುತ್ತಿರುವಾಗ ಗಾಜಿನ ಲೋಟದಲ್ಲಿ ಚಮಚ ಆಡಿಸಿ ಸಕ್ಕರೆ ಕಲಕುವುದು. ಅಣ್ಣನ ಪೆಟ್ಟಿಗೆ ಹಾಡುವಾಗ ತೆಪ್ಪಗೆ ನಿಲ್ಲುವುದು. ಹೀಗೆ ಗಂಡಹೆಂಡಿರ ನಡುವೆ ಒಪ್ಪಂದವಾಯಿತು.

"ಮೀಯೆನ್‌ಗೆ ಹೇಳೋದಾ?" ಎಂದು ಕೇಳಿದ ಲುವಾನ್.

"ಬೇಡ. ಅವಳೊಬ್ಬಳು ಇನ್ನೂ ನಿಮ್ಮನ್ನ ನಂಬಿದಾಳೆ. ಅದನ್ಯಾಕೆ ಕೆಡಿಸ್ತೀರಿ."

ಭಾನುವಾರ ಬಂತು. ದಾಮ್‌ರ ಪೆಟ್ಟಿಗೆಯನ್ನು ಇಬ್ಬರು ಆಳುಗಳು ಕಿರಿದಾದ ಮೆಟ್ಟಿಲಿನಲ್ಲಿ ಏರಿಸಿಕೊಂಡು ಬಂದರು. ಹಿಂದೆ ದಾಮ್, ಬಾಣಂತಿಯ ಹಿಂದೆ ಬರುವ ತಾಯಿಯ ಹಾಗೆ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತ ಬಂದರು. ತ್ರಾಕ್ ತನ್ನದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ತಂದಿದ್ದ. ಕ್ವಾನ್ ಬಂದಿರಲಿಲ್ಲ. ಬಂದರಿನಲ್ಲಿ ತುರ್ತು ಕೆಲಸವಂತೆ. (ಬುದ್ಧಿವಂತ ಹುಡುಗ ಎಂದು ಲುವಾನ್ ಮನಸ್ಸಿನಲ್ಲೇ ಮೆಚ್ಚಿಕೊಂಡ.)

ಎರಡರ ದನಿಯೂ ಸಮನಾಗಿರಬೇಕು ಎಂದು ದಾಮ್ ಹಟ ಹಿಡಿದು ಫೋನಿನಲ್ಲಿ ಅಳೆದರು. "ಕೂದಲೆಳೆ ಅಷ್ಟು ಜೋರಾದ್ರೂ ಕಿವಿ ಮೋಸ ಹೋಗತ್ತೆ. ಜೋರಾಗಿರೋದೇ ಚೆನ್ನಾಗಿದೆ ಅನ್ಸತ್ತೆ." ತ್ರಾಕ್ ಅದಕ್ಕೊಪ್ಪಿ ತಲೆದೂಗಿದ. ಆ ಒಂದು ವಿಷಯದಲ್ಲಿ ಅವರಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ವಾಲ್ವುಗಳು ಕಿತ್ತಳೆ ಬಣ್ಣದಲ್ಲಿ ಹೊತ್ತಿಕೊಂಡವು. ನೀಲಿ ಮುಳ್ಳುಗಳು ಮೇಲೆದ್ದವು. ಮೀಯೆನ್ ಎರಡಕ್ಕೂ ಅಡ್ಡವಾಗಿ, ಮೀನುಗಳ ಚಿತ್ರವಿದ್ದ ಹಾಸಿಗೆಯ ಹೊದಿಕೆಯನ್ನು ಹಗ್ಗಕ್ಕೆ ಎಳೆದಳು.

ಲುವಾನ್ ನಡುಮಧ್ಯದ ಕುರ್ಚಿಯಲ್ಲಿ ಕೂತ. ಎಡಕ್ಕೆ ಭಾವ, ಬಲಕ್ಕೆ ಬೀಗರು. ಎಡಗಿವಿಯ ಸಿಳ್ಳೆ ಈಗ ರೈಲು ಹೊರಡುವ ಮಟ್ಟಕ್ಕೆ ಬಂದಿತ್ತು.

"ಒಂದನೇದು," ಎಂದಳು ಮೀಯೆನ್ ಪರದೆಯ ಹಿಂದಿನಿಂದ.

ಹಾಡು ಶುರುವಾಯಿತು. ಒಬ್ಬ ಹೆಂಗಸು, ಒಂದು ತಂತಿವಾದ್ಯ. ದೋಣಿಯವನನ್ನು ಕಾಯುತ್ತಿರುವ ಹಾಡು. ಚೆನ್ನಾಗಿತ್ತು. ಅಡುಗೆಮನೆಯಿಂದ ಟಿಣ್ ಟಿಣ್ ಟಿಣ್ ಎಂದು ಚಮಚದ ಸದ್ದು ಸ್ಪಷ್ಟವಾಗಿ ಬಂತು.

ಲುವಾನ್‌ಗೆ ಜೀವ ಬಂದಂತಾಯಿತು. ಒಂದನೆಯದು ಬೀಗರದು. ಮುಗಿಯಿತು ಕೆಲಸ. ಅವನು ಕಣ್ಣು ಮುಚ್ಚಿ, ಗದ್ದದ ಕೆಳಗೆ ಬೆರಳಿಟ್ಟು, ತೀರ್ಪುಗಾರನ ಭಂಗಿಯಲ್ಲಿ ತಲೆಯನ್ನು ಒಂದಿಷ್ಟೇ ವಾಲಿಸಿದ. ಸಣ್ಣಗೆ ಕಣ್ಣು ತೆರೆದು ಅಕ್ಕಪಕ್ಕ ನೋಡಿದರೆ ತ್ರಾಕ್ ತೊಡೆಯ ಮೇಲೆ ತಾಳ ಹಾಕುತ್ತಿದ್ದ, ದಾಮ್ ಕೈ ಜೋಡಿಸಿಕೊಂಡು ಮುಗುಳ್ನಗುತ್ತಿದ್ದರು. ಇರಲಿ, ಇಬ್ಬರೂ ಸಂಗೀತಪ್ರೇಮಿಗಳು.

ಹಾಡು ನಿಂತಿತು. ಪರದೆಯ ಹಿಂದೆ ಸ್ವಲ್ಪ ಹೊತ್ತು ಸರಭರ ಸದ್ದಾಯಿತು.

"ಎರಡನೇದು."

ಅದೇ ಹೆಂಗಸು, ಅದೇ ದೋಣಿ. ಲುವಾನ್ ನೆಮ್ಮದಿಯಿಂದ ಒರಗಿಕೊಂಡ. ಅಷ್ಟರಲ್ಲಿ ಅಡುಗೆಮನೆಯಿಂದ ಮತ್ತೆ ಟಿಣ್ ಟಿಣ್ ಟಿಣ್.

ಅವನ ಬೆನ್ನು ಕುರ್ಚಿಯಿಂದ ತಾನಾಗಿ ಎದ್ದಿತು. ಇದೇನಿದು? ನಿಜವಾಗಿಯೂ ಸಕ್ಕರೆ ಕಲಕುತ್ತಿದ್ದಾಳೆಯೇ? ಅಥವಾ ಮೊದಲ ಸಲದ್ದು ಬರಿಯ ಸಕ್ಕರೆಯೋ, ಈ ಸಲದ್ದು ಸಂಕೇತವೋ? ಎರಡನೆಯ ಟಿಣ್ ಮೊದಲನೆಯದಕ್ಕಿಂತ ಜೋರಾಗಿದೆಯೇ? (ಆಂಪ್ಲಿಫೈಯರುಗಳನ್ನು ಹೋಲಿಸಲು ಕೂತವನು ಈಗ ಚಮಚಗಳನ್ನು ಹೋಲಿಸುತ್ತಿದ್ದ, ಅದೂ ಆಗುತ್ತಿರಲಿಲ್ಲ.) ಮತ್ತೆ ಟಿಣ್ ಟಿಣ್. ಈ ಸಲ ಲೋಟ ಒಡೆಯುವಷ್ಟು ಜೋರು. ಅಕ್ಕಪಕ್ಕ ನೋಡಿದ. ಬಲಕ್ಕೆ ದಾಮ್ ಕಣ್ಣೊರೆಸಿಕೊಳ್ಳುತ್ತಿದ್ದರು. ಎಡಕ್ಕೆ ತ್ರಾಕ್‌ನ ತುಟಿ ಆನಂದದಿಂದ ನಡುಗುತ್ತಿತ್ತು. ಅವರ ಮುಖಗಳಿಂದ ಒಂದು ಕಾಳಿನಷ್ಟೂ ಸಮಾಚಾರ ಸಿಗಲಿಲ್ಲ.

ಹಾಡು ಮುಗಿಯಿತು. ಕೆಳಗೆ ಬೀದಿಯಲ್ಲಿ ಯಾರೋ ಬ್ರೆಡ್ಡು ಮಾರಿಕೊಂಡು ಹೋದರು.

"ಹೇಳಿ ಬೀಗರೇ," ಎಂದರು ದಾಮ್.

"ಹೇಳಪ್ಪ," ಎಂದ ತ್ರಾಕ್.

ಲುವಾನ್‌ನ ನಾಲಿಗೆಯ ತುದಿಯಲ್ಲಿ ಆಗ ಒಂದು ಸತ್ಯವಾಕ್ಯ ಬಂದು ಕೂತಿತ್ತು. 'ನನಗೆ ಎರಡೂ ಒಂದೇ ಥರ ಕೇಳಿಸ್ತು' ಎನ್ನುವುದೇ ಅದು. ಬಾಯಿ ತೆರೆದರೆ ಸಾಕಿತ್ತು, ತಾನೇ ಹೊರಗೆ ಬೀಳುತ್ತಿತ್ತು. ಆದರೆ ಹಾಗಂದರೆ ಕಿವಿಯೇ ಇಲ್ಲ ಎಂದು ಅರ್ಥ ಎಂದು ದಾಮ್ ಆಗಲೇ ಹೇಳಿಯಾಗಿತ್ತು. ಕಿವಿ ಇಲ್ಲದವನ ಮನೆಯಿಂದ ಅವರು ಹೆಣ್ಣು ತಂದಾರೆಯೇ? ಅವನು ಆ ವಾಕ್ಯವನ್ನು ಉಗುಳಿನ ಜೊತೆ ನುಂಗಿದ. ಅಂಗಡಿಗೆ ಬರುವ ಗಿರಾಕಿಗಳು ನೆನಪಾದರು. ಈ ಗಾಜೋ, ಆ ಗಾಜೋ ಎಂದು ಕೇಳಿದಾಗ, ಗೊತ್ತಾಗದೆ ಹೆದರಿದವರೆಲ್ಲ ಒಂದೇ ಉತ್ತರ ಹೇಳುತ್ತಾರೆ.

"ಎರಡನೇದು," ಎಂದ ಲುವಾನ್.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಹೆದರಿಕೆಗೆ ಮಾತು ಜಾಸ್ತಿ. "ಮೊದಲನೇದು ಕೆಟ್ಟದ್ದು ಅಂತಲ್ಲ. ಒಣಸೀಗಡಿ ಇದ್ದ ಹಾಗೆ. ವಾಸನೆ ಇದೆ, ರಸ ಇಲ್ಲ. ಹೆಂಗಸು ಹಾಡ್ತಿದಾಳೆ, ಆದ್ರೆ ಎಲ್ಲೋ ಬೀರುವಿನೊಳಗೆ ನಿಂತು ಹಾಡಿದ ಹಾಗೆ. ಎರಡನೇದು, ಆಹಾ, ಬಲೆಯಿಂದ ಆಗ ತಾನೇ ತೆಗೆದ ಸೀಗಡಿ. ಮಿಡೀತಿದೆ. ಆ ದೋಣಿಯ ಮರದ ವಾಸನೆ ಕೂಡ ಬಂತು ನಂಗೆ."

ಮಾತು ಮುಗಿಯುವುದಕ್ಕೂ, ಎಡಗಡೆಯ ತ್ರಾಕ್ ಎದ್ದು ನಿಲ್ಲುವುದಕ್ಕೂ, ಬಲಗಡೆಯ ದಾಮ್ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಇಬ್ಬರೂ ಅಭಿನಂದನೆ ಸ್ವೀಕರಿಸಲು ಕೈ ಚಾಚಿದ್ದರು.

"ಮೊದಲ ಸ್ವರದಲ್ಲೇ ಗೊತ್ತಾಯ್ತು, ಇವನು ನಮ್ಮವನು ಅಂತ," ಎಂದರು ದಾಮ್.

"ಯಾರು, ನಿಮ್ಮವನಾ?" ಎಂದ ತ್ರಾಕ್. "ನನ್ನ ಕೈಯಿಂದ ಸುತ್ತಿದ ತಂತಿ ನನಗೆ ಗೊತ್ತಾಗಲ್ವಾ? ಒಣಸೀಗಡಿ ನಿಮ್ಮದು."

"ಏನಂದ್ರಿ?"

"ನಾನಲ್ಲ ಅಂದಿದ್ದು. ಬಂಗಾರದ ಕಿವಿ ಅಂದಿದ್ದು."

"ಮೀಯೆನ್, ಪರದೆ ತೆಗಿಯಮ್ಮ," ಎಂದರು ದಾಮ್. ಅವರ ದನಿಯಲ್ಲಿ 'ಅಮ್ಮ' ಇದ್ದರೂ ಬೆಚ್ಚಗಿರಲಿಲ್ಲ.

ಪರದೆ ಸರಿಯಲು ಸ್ವಲ್ಪ ತಡವಾಯಿತು. ಸರಿದಾಗ ನೀಲಿ ಮುಳ್ಳುಗಳು ಬೆಳಗುತ್ತಿದ್ದವು. ಪಕ್ಕದಲ್ಲಿ ತ್ರಾಕ್‌ನ ವಾಲ್ವುಗಳು ಬರಿಯ ಗಾಜಿನ ಬುರುಡೆಗಳಾಗಿ ಕೂತಿದ್ದವು. ಒಂದರಲ್ಲೂ ದೀಪವಿರಲಿಲ್ಲ.

ತ್ರಾಕ್ ಹೋಗಿ ಒಂದರ ಮೇಲೆ ಬೆರಳಿಟ್ಟು ನೋಡಿದ. "ಬಿಸೀನೇ ಇಲ್ಲ. ಯಾವಾಗ ಆರಿಸ್ದೆ?"

"ಪರದೆ ಎಳೆದ ತಕ್ಷಣ, ಮಾವ," ಎಂದಳು ಮೀಯೆನ್. "ಎರಡು ಸಲಾನೂ ಒಂದನ್ನೇ ನುಡಿಸ್ದೆ. ಮಧ್ಯೆ ತಂತಿ ಮುಟ್ಟಿದ ಹಾಗೆ ಸದ್ದು ಮಾಡ್ದೆ, ಅಷ್ಟೇ."

ಅವಳು ಅಪ್ಪನ ಕಡೆ ತಿರುಗಿದಳು.

"ಅಂಗಡೀಲಿ ನೀವು ಮಾಡ್ತೀರಲ್ಲ ಅಪ್ಪ. ಗಿರಾಕಿ ಸುಮ್ಮನೆ ಏನೋ ಹೇಳ್ತಿದಾರೆ ಅನ್ಸಿದ್ರೆ ಒಂದೇ ಗಾಜನ್ನ ಎರಡು ಸಲ ಹಾಕಿ ಕೇಳೋದು. ನಿಮ್ಮ ಕಿವಿ ಸರಿಯಾಗಿ ಹಿಡಿಯತ್ತೆ, ಎರಡೂ ಒಂದೇ ಅಂತ ಖಂಡಿತ ಹೇಳ್ತೀರಿ ಅಂದ್ಕೊಂಡೆ. ಬಂಗಾರದ ಕಿವಿಗೇ ವ್ಯತ್ಯಾಸ ಕಾಣಲಿಲ್ಲ ಅಂದ್ರೆ ಇವರಿಬ್ಬರೂ ಒಪ್ಪಲೇಬೇಕಾಗ್ತಿತ್ತು. ಯಾರೂ ಸೋಲ್ತಿರಲಿಲ್ಲ."

ಲುವಾನ್‌ಗೆ ನೆಲ ಬಾಯ್ಬಿಟ್ಟರೆ ಇಳಿದುಬಿಡೋಣ ಎನಿಸಿತು. (ಕೆಳಗೆ ಸ್ವಂತ ಅಂಗಡಿಯೇ ಇತ್ತು, ದೂರವಲ್ಲ.) ಬೇಡ ಬೇಡವೆಂದರೂ ನಾಲಿಗೆಯ ತುದಿಗೆ ಬಂದು ಕೂತಿದ್ದ ಆ ಒಂದೇ ಒಂದು ಸತ್ಯವನ್ನು ಆಡಿದ್ದರೆ ಮಗಳ ಮದುವೆ, ಭಾವನ ಮಾನ, ಬೀಗರ ಗೌರವ, ತನ್ನ ಬಿರುದು, ನಾಲ್ಕೂ ಉಳಿಯುತ್ತಿದ್ದವು. ಅಡುಗೆಮನೆಯ ಬಾಗಿಲಲ್ಲಿ ನ್ಯಾನ್ ಚಮಚ ಹಿಡಿದು ನಿಂತಿದ್ದಳು. 'ಎರಡು ಸಲವೂ ಕಲಕಿದೆನಲ್ಲ, ಇನ್ನು ಹೇಗೆ ಹೇಳಲಿ' ಎಂದು ಅವಳ ಕಣ್ಣು ಕೇಳುತ್ತಿತ್ತು.

"ಹಾಗಾದ್ರೆ," ಎಂದರು ದಾಮ್ ಮೆಲ್ಲಗೆ, "ಒಣಸೀಗಡಿ ನಂದೇ."

"ತಾಜಾ ಸೀಗಡೀನೂ ನಿಮ್ಮದೇ ಬೀಗರೇ," ಎಂದ ಲುವಾನ್.

ತ್ರಾಕ್ ನಗಲು ಬಾಯಿ ತೆರೆದ. ಆದರೆ ನಗು ಅರ್ಧಕ್ಕೇ ನಿಂತಿತು. ತಾನೂ ಎದ್ದು ನಿಂತದ್ದು, ತನ್ನ ಕೈಯಿಂದ ಸುತ್ತಿದ ತಂತಿ ಎಂದದ್ದು, ಅದು ಆ ಹೊರದೇಶದ ಪೆಟ್ಟಿಗೆ ಎಂಬುದು ಒಂದೊಂದಾಗಿ ಅವನ ತಲೆಗೆ ಇಳಿಯುತ್ತಿರುವುದು ಕಾಣುತ್ತಿತ್ತು. ದಾಮ್‌ಗೂ ಏನೋ ಹೊಳೆಯುತ್ತಿತ್ತು. ಮೊದಲ ಸ್ವರದಲ್ಲೇ ನಮ್ಮವನು ಎಂದು ಗುರುತಿಸಿದ ಅವರು, ಒಂದನೆಯ ಸುತ್ತಿನಲ್ಲಿ ಅದೇ ಮೊದಲ ಸ್ವರವನ್ನು ಭಾವನ ಪೆಟ್ಟಿಗೆಯದೆಂದು ತಿಳಿದು ಕನಿಕರದಿಂದ ಮುಗುಳ್ನಕ್ಕಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಲುವಾನ್‌ನ ಕಡೆ ತಿರುಗಿದರು.

"ನಂಗೆ ಆಗಲೇ ಅನುಮಾನ ಬಂತು," ಎಂದರು ದಾಮ್. "ತೀರ್ಪುಗಾರರು ಇರುವಾಗ ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ."

"ನಂಗೂ," ಎಂದ ತ್ರಾಕ್. "ಎರಡೂ ಒಂದೇ ಇದ್ದ ಹಾಗಿದೆಯಲ್ಲ ಅಂತ ಅಂದ್ಕೊಂಡೆ. ಇವನ ಮರ್ಯಾದೆ ಹೋಗಬಾರದು ಅಂತ ಎದ್ದು ನಿಂತೆ."

"ನಾನೂ ಅದಕ್ಕೇ ನಿಂತಿದ್ದು."

"ಇವನ ಮಾತು ನಂಬಿಕೊಂಡು ಎಷ್ಟು ವಾಲ್ವು ಬದಲಾಯಿಸಿದೀನಿ ಗೊತ್ತಾ ನಿಮಗೆ? ಗಾಳಿ ಕಡಿಮೆ ಅಂತಿದ್ದ. ಗಾಳಿ."

"ಅಯ್ಯೋ ಪಾಪ," ಎಂದರು ದಾಮ್. ಅವರಿಗೆ ನಿಜವಾಗಿಯೂ ಮರುಕವಾಗಿತ್ತು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ನಿಮ್ಮದನ್ನ ಹಚ್ಚಿ, ಕೇಳೋಣ. ಕಿವಿ ಇರೋರು ಇಬ್ಬರಾದ್ರೂ ಇದೀವಲ್ಲ."

ಲುವಾನ್‌ಗೆ ಸಿಟ್ಟು ಬಂತು. ತನ್ನ ತಪ್ಪು ಇದೆ, ನಿಜ. ಆದರೆ ಈ ಇಬ್ಬರು ಮಹಾನುಭಾವರು ಕಣ್ಣೊರೆಸಿಕೊಂಡದ್ದನ್ನು, ತುಟಿ ನಡುಗಿಸಿದ್ದನ್ನು ತಾನು ಈ ಎರಡು ಕಣ್ಣಾರೆ ಕಂಡಿದ್ದೇನೆ. ಕಣ್ಣಿನ ವಿಷಯದಲ್ಲಿ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಅಲ್ರೀ, ನೀವಿಬ್ಬರೂ..." ಎಂದು ಶುರುಮಾಡಿದ.

ಅಷ್ಟರಲ್ಲಿ ನ್ಯಾನ್ ಬಂದು ಅವನ ಕೈಯಲ್ಲಿ ಒಂದು ಬಿಸಿ ಬಟ್ಟಲು ಇಟ್ಟಳು. "ಸಾರು ಆರತ್ತೆ, ಕುಡೀರಿ," ಎಂದಳು. ಅವನ ಕಾಲಿನ ಹೆಬ್ಬೆರಳ ಮೇಲೆ ಅವಳ ಹಿಮ್ಮಡಿ ಕೂತಿತ್ತು.

ಅವನು ತಲೆಯೆತ್ತಿದ. ಎದುರಿಗೆ ಮೀಯೆನ್ ಹೊದಿಕೆಯ ಅಂಚನ್ನು ಮುದುಡಿ ಹಿಡಿದುಕೊಂಡು ನಿಂತಿದ್ದಳು. ಅವಳ ಕಣ್ಣು ಅಪ್ಪನ ಮೇಲಿರಲಿಲ್ಲ. ಮಾವನಾಗುವವರು ಮತ್ತು ಸೋದರಮಾವ ಒಂದೇ ಪೆಟ್ಟಿಗೆಯ ಮುಂದೆ ಬಗ್ಗಿ, ಹೆಗಲಿಗೆ ಹೆಗಲು ತಾಗಿಸಿಕೊಂಡು, ವಾಲ್ವಿನೊಳಗೆ ದೀಪ ಹೊತ್ತಿಕೊಳ್ಳುವುದನ್ನು ನೋಡುತ್ತಿದ್ದರಲ್ಲ, ಅವಳು ಅದನ್ನು ನೋಡುತ್ತಿದ್ದಳು.

ಲುವಾನ್ ಸಾರಿನ ಜೊತೆ ಎರಡನೆಯ ಸತ್ಯವನ್ನೂ ನುಂಗಿದ. "ಹೌದು," ಎಂದ. "ನಂದು ಕಿವಿ ಸ್ವಲ್ಪ ಮಂದ. ಮೊದಲಿಂದಲೂ."

"ಅದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ ಬೀಗರೇ," ಎಂದರು ದಾಮ್, ಬೆನ್ನು ತಟ್ಟುತ್ತ.

ಸಂಜೆಯೊಳಗೆ ನಿಶ್ಚಿತಾರ್ಥದ ದಿನ ಗೊತ್ತಾಯಿತು. ದಾಮ್ ಮತ್ತು ತ್ರಾಕ್ ಬಿಟ್ಟಿರಲಾರದ ಸ್ನೇಹಿತರಾದರು. ಹೊರದೇಶದ ಪೆಟ್ಟಿಗೆಯನ್ನು ತ್ರಾಕ್ ಬಿಚ್ಚಿ ಏನೇನೋ ಬದಲಾಯಿಸಿಕೊಟ್ಟ, ದಾಮ್ ಬೇಡವೆನ್ನಲಿಲ್ಲ. ಇಬ್ಬರೂ ಬೀದಿಯಲ್ಲಿ ಲುವಾನ್ ಸಿಕ್ಕರೆ ಕಿವುಡರಿಗೆ ಹೇಳುವಂತೆ ಬಾಯಿ ಅಗಲಿಸಿ "ಊಟ ಆಯ್ತಾ?" ಎಂದು ಕೇಳುವರು. ಅವನು ಬಾಯಿ ಅಗಲಿಸಿ "ಆಯ್ತು" ಎನ್ನುವನು. ತ್ರಾಕ್ ಈಗ ಹಾಡು ಕೇಳಿಸಲು ಕರೆಯುವುದಿಲ್ಲ. ಮಧ್ಯಾಹ್ನದ ನಿದ್ದೆ ಹಾಸಿಗೆಯ ಮೇಲೆಯೇ ಆಗುತ್ತಿದೆ.

ನಿಶ್ಚಿತಾರ್ಥದ ದಿನ ಓಣಿಗೆ ಅಡ್ಡಲಾಗಿ ಚಪ್ಪರ ಹಾಕಿದರು. ಗಂಡಿನ ಕಡೆಯವರು ಕೆಂಪು ಬಟ್ಟೆ ಮುಚ್ಚಿದ ಹರಿವಾಣಗಳಲ್ಲಿ ಅಡಿಕೆ, ವೀಳ್ಯ, ಟೀ, ಹಣ್ಣು ಹೊತ್ತುಕೊಂಡು ಸಾಲಾಗಿ ಬಂದರು. ಬಾಡಿಗೆಗೆ ತಂದ ಆಳೆತ್ತರದ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ದಾಮ್ ಮತ್ತು ತ್ರಾಕ್ ತಾವೇ ನಿಂತು ಇಡಿಸಿದ್ದರು. ಅವುಗಳ ಮುಂದೆ ಯಾರು ಕೂರುವುದು ಎಂಬ ಪ್ರಶ್ನೆ ಬಂದಾಗ ಇಬ್ಬರೂ ಯೋಚಿಸಬೇಕಾಗಲೇ ಇಲ್ಲ.

"ಬೀಗರನ್ನ ಎಡಗಡೆ ಪೆಟ್ಟಿಗೆ ಪಕ್ಕ ಕೂರಿಸಿ," ಎಂದರು ದಾಮ್. "ಅವರಿಗೆ ಏನೂ ತೊಂದರೆ ಆಗಲ್ಲ."

ಲುವಾನ್ ಹೊಸ ಕೋಟು ತೊಟ್ಟು ಅಲ್ಲಿ ಕೂತ. ಹಾಡು ಶುರುವಾಯಿತು. ಬಲಗಡೆಯ ಪೆಟ್ಟಿಗೆಯ ಪಕ್ಕದಲ್ಲಿದ್ದ ಮುದುಕಿಯರು ಕಿವಿ ಮುಚ್ಚಿಕೊಂಡು ಬಗ್ಗಿದರು. ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡು ಕಾದ. ಏನೂ ಆಗಲಿಲ್ಲ. ಕಣ್ಣು ತೆರೆದ. ಪಕ್ಕಕ್ಕೆ ಬಗ್ಗಿ ಪೆಟ್ಟಿಗೆಗೆ ಕಿವಿ ಹಚ್ಚಿದ. ಹಾಡೆಲ್ಲ ಬಲಗಡೆಯಿಂದ ಬರುತ್ತಿತ್ತು. ಇದರಿಂದ ಉಸಿರೂ ಇಲ್ಲ. ಎದ್ದು ಬಲಗಡೆಗೆ ಹೋಗಿ ನೋಡಿದ, ತಿರುಗಿ ಬಂದು ಎಡಗಡೆ ನೋಡಿದ. ಸಂದೇಹವೇ ಇಲ್ಲ. ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಜನ್ಮದಲ್ಲಿ ಮೊದಲ ಸಲ ಅವನಿಗೆ ತಿಳಿದಿತ್ತು. ಮೇಜಿನ ಬಳಿ ಟೀ ಹೀರುತ್ತಿದ್ದ ತ್ರಾಕ್ ಮತ್ತು ದಾಮ್‌ರ ಹತ್ತಿರ ಹೋಗಿ ಹೇಳಿದ.

ತ್ರಾಕ್ ದಾಮ್‌ರ ಮುಖ ನೋಡಿದ. ದಾಮ್ ತ್ರಾಕ್‌ನ ಮುಖ ನೋಡಿದರು.

"ಚೆನ್ನಾಗಿ ಬರ್ತಿದೆಯಪ್ಪ," ಎಂದ ತ್ರಾಕ್. "ಎರಡೂ ಸಮ ಇದಾವೆ. ನಾವಿಬ್ಬರೂ ಕೇಳಿಯೇ ಇಟ್ಟಿದ್ದು."

"ನೀವು ಕಿವಿಗೆ ಶ್ರಮ ಕೊಡಬೇಡಿ ಬೀಗರೇ," ಎಂದರು ದಾಮ್. ಅವನ ತೋಳು ಹಿಡಿದು, ಜೋಪಾನವಾಗಿ ಕರೆತಂದು, ಅದೇ ಕುರ್ಚಿಯಲ್ಲಿ ಕೂರಿಸಿ ಹೋದರು.

ನ್ಯಾನ್ ಹರಿವಾಣ ಹಿಡಿದು ಆ ಕಡೆಯಿಂದ ಬಂದಳು. "ಯಾಕೆ ಎದ್ದು ಓಡಾಡ್ತಿದೀರಿ, ನೆಂಟರೆಲ್ಲ ನೋಡ್ತಿದಾರೆ."

ಲುವಾನ್ ಅವಳ ಸೆರಗು ಹಿಡಿಯುವವನಂತೆ ಅಂಗಿಯ ತೋಳು ಹಿಡಿದು, ಬೆರಳಿನಿಂದ ಪಕ್ಕದ ಪೆಟ್ಟಿಗೆಯನ್ನು ತೋರಿಸಿದ. "ನ್ಯಾನ್, ನೀನಾದ್ರೂ ನಂಬು. ನಂಗೆ ಏನೂ ಕೇಳಿಸ್ತಿಲ್ಲ."

"ಅದು ಊರಿಗೇ ಗೊತ್ತು," ಎಂದು ನ್ಯಾನ್ ಅವನ ಕೈಗೆ ಒಂದು ವೀಳ್ಯ ಕೊಟ್ಟು ಮುಂದೆ ಹೋದಳು.